ರೈಲು ಲಕೋಟಾ ಲಕ್ಷಣ

ಉಪೋದ್ಘಾತ

ಆನೆಗೆ ಶಾಸ್ತ್ರವಿದೆ, ಕುದುರೆಗೆ ಇದೆ, ಹಸುವಿಗೂ ಇದೆ. ವಿಷಗಳನ್ನೇ ಜಾತಿ ಹಿಡಿದು ವಿಂಗಡಿಸಿ ಮಂಗರಾಜ ‘ಖಗೇಂದ್ರಮಣಿದರ್ಪಣ’ ಬರೆದಿಟ್ಟು ಶತಮಾನಗಳೇ ಕಳೆದವು. ಆದರೆ ರೈಲಿನ ಚಿತ್ರವಿರುವ ಅಂಚೆಚೀಟಿ ಅಂಟಿಸಿ, ಅದು ಬಿಡುಗಡೆಯಾದ ದಿನದ್ದೇ ಠಸ್ಸೆ ಹೊಡೆಸಿ, ಪಕ್ಕದಲ್ಲಿ ಕೈಯಾರೆ ಚಿತ್ರ ಬರೆದ ಲಕೋಟೆಯ ಕಡೆಗೆ ಯಾವ ಲಾಕ್ಷಣಿಕನ ಕಣ್ಣೂ ಹೊರಳಲಿಲ್ಲ. ಇದರಿಂದ ಆದ ನಷ್ಟ ಸಣ್ಣದಲ್ಲ. ಕಾಸರಗೋಡು ಸೀಮೆಯ ಮನೆಗಳ ಟ್ರಂಕುಗಳಲ್ಲಿ ಇಂಥ ಲಕೋಟೆಗಳು ಜಾತಕ, ತೀರ್ವೆ ರಶೀದಿ, ಹಳೆಯ ಮದುವೆ ಕಾಗದಗಳ ನಡುವೆ ಕುಲಗೋತ್ರ ತಿಳಿಯದೆ ಬಿದ್ದಿವೆ. ಮನೆ ತೊಳೆಯುವ ದಿನ ಅವು ಕೈಗೆ ಸಿಕ್ಕಿದಾಗ ‘ಇದು ಇಡುವುದಾ, ಬಿಸಾಡುವುದಾ?’ ಎಂಬ ಪ್ರಶ್ನೆ ಏಳುತ್ತದೆ. ಶಾಸ್ತ್ರಾಧಾರವಿಲ್ಲದೆ ಅದಕ್ಕೆ ಉತ್ತರ ಹೇಳುವುದು ಅಪಾಯ.

ಈ ಗ್ರಂಥಕ್ಕೆ ಅಧಿಕಾರಿ ಯಾರು? ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕಳನಾಡು, ಕೋಟಿಕುಳಂ, ಬೇಕಲ ಕೋಟೆ, ಕಾಞಂಗಾಡು, ನೀಲೇಶ್ವರ, ಚೆರುವತ್ತೂರು, ತೃಕ್ಕರಿಪುರ ಎಂದು ನಿಲ್ದಾಣಗಳನ್ನು ಉಸಿರು ಬಿಗಿಹಿಡಿದು ಒಪ್ಪಿಸಬಲ್ಲವನು ಉತ್ತಮಾಧಿಕಾರಿ. ದೂರದಲ್ಲಿ ರೈಲಿನ ಸದ್ದು ಕೇಳಿದೊಡನೆ ‘ಮಲಬಾರ್ ಇವತ್ತು ಲೇಟು’ ಎನ್ನಬಲ್ಲವನು ಮಧ್ಯಮ. ಬಸ್ಸಿನಲ್ಲೇ ಓಡಾಡಿ ಗೇಟು ಹಾಕಿದಾಗ ರೈಲ್ವೆಯವರನ್ನು ಬೈಯುವವನು ಅಧಮಾಧಿಕಾರಿ. ಅವನೂ ಓದಬಹುದು, ಗೇಟು ತೆಗೆಯುವವರೆಗೆ.

ಮೊದಲ ಪ್ರಕರಣ: ಅಂಗವಿಚಾರ

ಲಕೋಟೆಗೆ ಎರಡು ಅಂಗ: ಬಲ ಮತ್ತು ಎಡ. ಬಲಭಾಗ ಸರಕಾರದ್ದು. ಚೀಟಿ ಅಲ್ಲಿಯೇ ಅಂಟಬೇಕು, ಠಸ್ಸೆ ಅಲ್ಲಿಯೇ ಬೀಳಬೇಕು, ದಿನಾಂಕ ಅಲ್ಲಿಯೇ ಮೂಡಬೇಕು. ದುಡ್ಡು ಕೊಡುವುದೊಂದನ್ನು ಬಿಟ್ಟರೆ ಆ ಬದಿಯಲ್ಲಿ ಪ್ರಜೆಗೆ ಕೆಲಸವಿಲ್ಲ. ಎಡಭಾಗ ಖಾಲಿ. ಶಾಸ್ತ್ರ ಹುಟ್ಟುವುದು ಈ ಖಾಲಿ ಜಾಗದಲ್ಲಿ.

ಲಕೋಟೆಯ ಮೇಲೆ ಯಾರು ಚಿತ್ರ ಬರೆಯಬೇಕು ಎಂಬ ತಕರಾರು ಅಂಚೆಚೀಟಿಯಷ್ಟೇ ಹಳೆಯದು. 1840ರಲ್ಲಿ ಬ್ರಿಟನ್ ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಹೊರಡಿಸಿದಾಗ, ಜೊತೆಗೇ ವಿಲಿಯಂ ಮುಲ್ರೆಡಿ ಎಂಬ ಕಲಾವಿದ ಬರೆದ ಭಾರೀ ಗಾಂಭೀರ್ಯದ ಚಿತ್ರವುಳ್ಳ ಸರಕಾರಿ ಲಕೋಟೆಯನ್ನೂ ಮಾರಾಟಕ್ಕಿಟ್ಟಿತು. ಜನ ಚೀಟಿಯನ್ನು ಒಪ್ಪಿಕೊಂಡರು, ಚಿತ್ರವನ್ನು ಗೇಲಿ ಮಾಡಿದರು. ಅಣಕು ಲಕೋಟೆಗಳು ಅಂಗಡಿಗಳಲ್ಲಿ ಧಾರಾಳವಾಗಿ ಖರ್ಚಾದವು. ಸರಕಾರ ತನ್ನದನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಮೆರಿಕದಲ್ಲಿ 1923ರ ಸೆಪ್ಟೆಂಬರ್ 1ರಂದು, ತೀರಿಕೊಂಡ ಅಧ್ಯಕ್ಷ ಹಾರ್ಡಿಂಗ್ ಹೆಸರಿನ ಚೀಟಿ ಬಂದ ದಿನ, ಜಾರ್ಜ್ ಲಿನ್ ಎಂಬವರು ಲಕೋಟೆಯ ಎಡಭಾಗದಲ್ಲಿ ಶ್ರದ್ಧಾಂಜಲಿಯ ಸಾಲುಗಳನ್ನು ಅಚ್ಚು ಹಾಕಿಸಿದರು. ಮೊದಲ ದಿನದ ಲಕೋಟೆಗೆ ಎಡಗಡೆ ಅಲಂಕಾರ ಮಾಡುವ ಸಂಪ್ರದಾಯಕ್ಕೆ ಅವರೇ ಆದಿಪುರುಷ. 1930ರ ದಶಕದಲ್ಲಿ ಡೊರೊಥಿ ನ್ಯಾಪ್ ಎಂಬ ಕಲಾವಿದೆ ಅಚ್ಚಿನ ಗೊಡವೆ ಬಿಟ್ಟು ಒಂದೊಂದು ಲಕೋಟೆಗೂ ಬಣ್ಣದಲ್ಲಿ ಕೈಯಾರೆ ಚಿತ್ರ ಬರೆದರು. ಇಂದು ಸಂಗ್ರಾಹಕರು ಅವಕ್ಕೆ ಕೊಡುವ ಬೆಲೆ ಕೇಳಿದರೆ ನಮ್ಮ ಅಡಿಕೆ ಬೆಳೆಗಾರರು ಕೃಷಿ ಬಿಟ್ಟು ಕುಂಚ ಹಿಡಿದಾರು.

ನಮ್ಮ ಅಂಚೆ ಇಲಾಖೆಯೂ ಸ್ಮರಣಾರ್ಥ ಚೀಟಿಗಳ ಜೊತೆಗೆ ಎಡಗಡೆ ಚಿತ್ರ ಅಚ್ಚಾದ ಅಧಿಕೃತ ಲಕೋಟೆ ಹೊರಡಿಸುತ್ತದೆ. ಜೊತೆಗೆ ಮಾಹಿತಿಯ ಬ್ರೋಶರ್ ಇರುತ್ತದೆ. ಅದನ್ನು ಕೊಂಡು ಆಲ್ಬಮ್ಮಿಗೆ ಹಾಕುವವರು ಸದ್ಗೃಹಸ್ಥರು. ಈ ಗ್ರಂಥ ಅವರಿಗಲ್ಲ. ಪೇಟೆಯಲ್ಲಿ ಬಿಳಿ ಲಕೋಟೆಯ ಕಟ್ಟು ಕೊಂಡು, ಎಡಭಾಗವನ್ನು ನಾನೇ ನೋಡಿಕೊಳ್ಳುತ್ತೇನೆ ಎನ್ನುವ ಹಟಮಾರಿಗಳಿಗೆ ಇದು.

ಎರಡನೆಯ ಪ್ರಕರಣ: ತಿಥಿನಿರ್ಣಯ

ಭಾರತದಲ್ಲಿ ರೈಲಿನ ಚೀಟಿಗಳಿಗೆ ಒಂದು ಮಹಾಪರ್ವವಿದೆ: ಏಪ್ರಿಲ್ 16. ಬೋರಿಬಂದರದಿಂದ ಠಾಣೆಗೆ 1853ರ ಆ ದಿನ 14 ಡಬ್ಬಿಗಳ ರೈಲು 34 ಕಿ.ಮೀ. ಓಡಿತು, ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನುಗಳು ಎಳೆದವು. 1953ರ ಏಪ್ರಿಲ್ 16ಕ್ಕೆ ಶತಮಾನೋತ್ಸವದ ಎರಡಾಣೆ ಚೀಟಿ ಬಂತು. ಅದರಲ್ಲಿ ನೂರು ವರ್ಷದ ಹಿಂದಿನ ಎಂಜಿನು, ಅಂದಿನ ಎಂಜಿನು ಎರಡೂ ಇದ್ದವು. 1993ರ ಏಪ್ರಿಲ್ 16ಕ್ಕೆ ಬೆಟ್ಟದ ರೈಲುಗಳ ನಾಲ್ಕು ಚೀಟಿ. 2002ರ ಏಪ್ರಿಲ್ 16ಕ್ಕೆ 150ನೆಯ ವರ್ಷದ ಚೀಟಿ. ಹಸಿರು ದೀಪ ಹಿಡಿದ ಗಾರ್ಡ್ ಆನೆ ಭೋಲು ಅದೇ ದಿನ ಬೆಂಗಳೂರಿನಲ್ಲಿ ಮೊದಲ ಬಾರಿ ಕಾಣಿಸಿಕೊಂಡಿತು. 2009ರ ಏಪ್ರಿಲ್ 16ಕ್ಕೆ ಮುಂಬೈ, ಚೆನ್ನೈ, ಹೌರಾ, ಹಳೆ ದೆಹಲಿಯ ಪಾರಂಪರಿಕ ನಿಲ್ದಾಣಗಳು.

ಈ ತಿಥಿಯ ಮಹಿಮೆ ಕಾಸರಗೋಡಿನಲ್ಲಿ ಮಾತ್ರ ಪೂರ್ತಿ ತಿಳಿಯುತ್ತದೆ. ಬಿಸು ಕಳೆದು ಒಂದೆರಡು ದಿನ. ಕಣಿಗೆ ಇಟ್ಟ ಕೊನ್ನೆ ಹೂ ಇನ್ನೂ ಪೂರ್ತಿ ಬಾಡಿರುವುದಿಲ್ಲ. ಕೇರಳದ ಶಾಲೆಗಳಿಗೆ ಜೂನ್ ತಿಂಗಳವರೆಗೆ ರಜೆ. ಆದ್ದರಿಂದ ಡ್ರಾಯಿಂಗ್ ಮಾಸ್ಟ್ರುಗಳು ಮನೆಯಲ್ಲಿರುತ್ತಾರೆ. ಮಕ್ಕಳಿಗೆ ಮಾವು, ಗೇರುಹಣ್ಣು ಇರುವಂತೆ ಅವರಿಗೆ ರೈಲಿನ ಚೀಟಿ. ಉಗಿ ಎಂಜಿನ್ನಿನ ಪಕ್ಕದಲ್ಲಿ ಕಾರಣವಿಲ್ಲದೆ ಹಳದಿ ಹೂಗೊಂಚಲು ತೂಗುತ್ತಿದ್ದರೆ ಆ ಲಕೋಟೆ ಏಪ್ರಿಲ್ ಸಂತತಿಯದು ಎಂದು ಠಸ್ಸೆ ನೋಡದೆ ಹೇಳಬಹುದು.

1976ರ ನಾಲ್ಕು ಎಂಜಿನುಗಳ ಪ್ರಸಿದ್ಧ ಚೀಟಿಗಳು ಮೇ 15ಕ್ಕೆ ಬಂದವು. ಕೊಂಕಣ ರೈಲ್ವೆಯ ಚೀಟಿ 1998ರ ಮೇ 1ಕ್ಕೆ. ಅವೂ ರಜೆಯ ಮಕ್ಕಳೇ. ಡಾರ್ಜಿಲಿಂಗ್ ಬೆಟ್ಟದ ರೈಲಿನ 2 ರೂಪಾಯಿ 85 ಪೈಸೆಯ ಚೀಟಿ ಮಾತ್ರ 1982ರ ಡಿಸೆಂಬರ್ 18ಕ್ಕೆ ಬಂತು. ಡಿಸೆಂಬರೆಂದರೆ ಪರೀಕ್ಷೆಯ ಗಡಿಬಿಡಿ, ಉತ್ತರಪತ್ರಿಕೆಗಳ ರಾಶಿ. ಆ ಚೀಟಿಗೆ ಕೈಬರಹದ ಲಕೋಟೆ ವಿರಳವಾಗಿರುವುದಕ್ಕೆ ನಮ್ಮ ಶಾಸ್ತ್ರ ಬೇರೆ ಕಾರಣ ಹುಡುಕುವುದಿಲ್ಲ. 1937ರ ನಾಲ್ಕಾಣೆ ಚೀಟಿಯಲ್ಲಿ ಆರನೆಯ ಜಾರ್ಜ್ ದೊರೆಯ ತಲೆಯ ಜೊತೆ ಟಪಾಲು ರೈಲು ಇದೆ. ನಾಲ್ಕಾಣೆಯನ್ನು ಖಾಲಿ ಲಕೋಟೆಗೆ ಸುರಿಯುವ ಹುಚ್ಚು ಆ ಕಾಲದ ನಮ್ಮೂರಿಗೆ ಹಿಡಿದಿರಲಾರದು; ಆದ್ದರಿಂದ ಅದನ್ನು ಪುರಾಣ ವರ್ಗಕ್ಕೆ ಸೇರಿಸಿ ಮುಂದೆ ಹೋಗುತ್ತೇವೆ.

ಮೂರನೆಯ ಪ್ರಕರಣ: ಮುದ್ರಾಭೇದ

ಸ್ಮರಣಾರ್ಥ ಚೀಟಿ ಬಿಡುಗಡೆಯ ದಿನವೇ ಸಿಗುವುದು, ಆ ದಿನದ ವಿಶೇಷ ಠಸ್ಸೆ ಬೀಳುವುದು ದೊಡ್ಡ ಊರುಗಳ ಫಿಲಾಟೆಲಿ ಬ್ಯೂರೋಗಳಲ್ಲಿ. ಆದ್ದರಿಂದ ಕಾಸರಗೋಡಿನ ಸಂಗ್ರಾಹಕ ಲಕೋಟೆಯನ್ನು ಕಂಕುಳಲ್ಲಿಟ್ಟುಕೊಂಡು ರೈಲು ಹತ್ತಬೇಕು. ರೈಲಿನ ಚೀಟಿಗಾಗಿ ರೈಲು ಹತ್ತುವ ಈ ಯಾತ್ರೆಯಿಂದ ಲಕೋಟೆಗಳಲ್ಲಿ ಎರಡು ಅಯನಗಳು ಹುಟ್ಟಿವೆ.

ಉತ್ತರಾಯಣ: ಮಂಗಳೂರಿಗೆ ಹೋದದ್ದು. ಸುಮಾರು 46 ಕಿ.ಮೀ. ದಾರಿ. ನಿಲ್ದಾಣದಿಂದ ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿ ದೂರವಿಲ್ಲ. ಠಸ್ಸೆ ಕರ್ನಾಟಕ ವೃತ್ತದ್ದು. ಅಂಚಿನಲ್ಲಿ ಗೋಳಿಬಜೆಯ ಎಣ್ಣೆ ಕಲೆ ಇದ್ದರೆ ಸಂಶಯವೇ ಬೇಡ.

ದಕ್ಷಿಣಾಯನ: ಕಲ್ಲಿಕೋಟೆಗೆ ಹೋದದ್ದು. ದಾರಿ ಸುಮಾರು ನಾಲ್ಕು ಪಾಲು ಉದ್ದ. ಠಸ್ಸೆ ಕೇರಳ ವೃತ್ತದ್ದು, ಅಂದರೆ ನಿಯಮದ ಪ್ರಕಾರ ಸ್ವಂತ ರಾಜ್ಯದ್ದು. ಲಕೋಟೆ ಮತ್ತೊಂದಕ್ಕೆ ಅಂಟಿಕೊಂಡಿದ್ದರೆ ಅದು ಗೋಂದೋ ಹಲ್ವವೋ ಎಂದು ಮೂಸಿ ನಿರ್ಣಯಿಸಬೇಕು.

ಠೇವಣಿ ವರ್ಗ: ಅಂಚೆ ಇಲಾಖೆಯಲ್ಲಿ ಫಿಲಾಟೆಲಿ ಠೇವಣಿ ಖಾತೆ ತೆರೆದು, ಎಲ್ಲಿಗೂ ಹೋಗದೆ ಜಗಲಿಯಲ್ಲಿ ಕುಳಿತು ತರಿಸಿಕೊಂಡದ್ದು. ಸುಖವಾದ ಮಾರ್ಗ. ಸುಖವಾದ್ದರಿಂದಲೇ ಪಂಡಿತರು ಇದನ್ನು ಸ್ವಲ್ಪ ಕೀಳಾಗಿ ಕಾಣುತ್ತಾರೆ.

ಕುಲೀನ ವರ್ಗ: ರೈಲಿನ ಚೀಟಿಯ ಮೇಲೆ ರೈಲ್ವೆ ಅಂಚೆ ಸೇವೆ, ಅಂದರೆ ಆರ್‌ಎಂಎಸ್ ಠಸ್ಸೆ ಬಿದ್ದದ್ದು. ಮಂಗಳೂರಿನ ‘ಕ್ಯೂ’ ವಿಭಾಗದ್ದೋ ಕಲ್ಲಿಕೋಟೆಯ ‘ಸಿಟಿ’ ವಿಭಾಗದ್ದೋ ಆದರೆ ಚೀಟಿಯೂ ಠಸ್ಸೆಯೂ ಸಗೋತ್ರವಾಯಿತು. ಮದುವೆಯಲ್ಲಿ ನಿಷಿದ್ಧವಾದ ಈ ಸಗೋತ್ರವೇ ಲಕೋಟೆಯಲ್ಲಿ ಪರಮಶ್ರೇಷ್ಠ.

ಇಲ್ಲಿ ಒಂದು ಅಪವಾದ ಸೂತ್ರ ಬೇಕು. 1953ರ ಲಕೋಟೆಗಳಿಗೆ ಅಯನಭೇದ ಅನ್ವಯಿಸದು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮಂಗಳೂರೂ ಕಲ್ಲಿಕೋಟೆಯೂ ಮದರಾಸು ರಾಜ್ಯದೊಳಗೇ ಇದ್ದವು. 1956ರ ನವೆಂಬರ್ 1ಕ್ಕೆ ಗೆರೆ ಬಿದ್ದಿತು, ಕಾಸರಗೋಡು ಕೇರಳಕ್ಕೆ ಸೇರಿತು, ಲಕೋಟೆಗೆ ಅಯನ ಬಂತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ, ಅಂದರೆ ಆಗಿನ ಮೈಸೂರು ರಾಜ್ಯಕ್ಕೆ, ಸೇರಬೇಕೆಂದು ಹೇಳಿದ್ದು ಕಡತದಲ್ಲಿ ಉಳಿಯಿತು. ಹೀಗಾಗಿ ಚಂದ್ರಗಿರಿ ಸೇತುವೆಯ ಮೇಲೆ ರೈಲು ಬರೆದ ಲಕೋಟೆ ಕಂಡರೆ ಎಂಜಿನ್ನಿನ ಮುಖ ಯಾವ ಕಡೆಗಿದೆ ಎಂದು ರಾಜಕೀಯ ಪಂಡಿತರು ಭೂತಗನ್ನಡಿ ಹಿಡಿಯುತ್ತಾರೆ. ಬಹುಪಾಲು ಚಿತ್ರಗಳಲ್ಲಿ ಎಂಜಿನು ಎಡಕ್ಕೆ ಮುಖ ಮಾಡಿರುತ್ತದೆ. ಕಡಲ ಬದಿಯಿಂದ ನೋಡಿದರೆ ಅದು ಮಂಗಳೂರಿನ ದಿಕ್ಕು. ಇದರಲ್ಲಿ ಗಡಿ ಚಳವಳಿಯ ಧ್ವನಿಯಿದೆ ಎಂಬುದು ಒಂದು ಮತ. ಬಲಗೈಯವರಿಗೆ ಎಡಮುಖ ಬರೆಯುವುದು ಸುಲಭ ಎಂಬುದು ಇನ್ನೊಂದು. ಎಡಗೈ ಚಿತ್ರಕಾರರ ನಿಲುವು ತಿಳಿಯುವವರೆಗೆ ತೀರ್ಪು ಕಾದಿರಿಸಲಾಗಿದೆ.

ನಾಲ್ಕನೆಯ ಪ್ರಕರಣ: ಚಿತ್ರಕಾರಭೇದ

ಮಾಸ್ಟ್ರು ವರ್ಗ. ಕ್ಯಾಮ್ಲಿನ್ ಬಣ್ಣ, ತೆಳುವಾದ ಆಕಾಶ, ಮೂರು ತೆಂಗಿನಮರ. ಎಂಜಿನು ಏನೇ ಇರಲಿ, ಮರ ಮೂರಕ್ಕೆ ಕಡಿಮೆಯಾಗದು. ದೂರದಲ್ಲಿ ಒಂದು ಗುಡಿಸಲು. ಅದರಲ್ಲಿ ಯಾರೂ ವಾಸವಿಲ್ಲ.

ರೈಲ್ವೆ ವರ್ಗ. ನಿವೃತ್ತ ನೌಕರರದು. ಬೋಲ್ಟು, ರಿವೆಟ್ಟು, ಬಫರು, ಕಪ್ಲಿಂಗು ಎಲ್ಲ ಎಣಿಸಿ ಬರೆದಿರುತ್ತಾರೆ. ಆಕಾಶವಿಲ್ಲ, ಭೂಮಿಯಿಲ್ಲ, ಗಿಡಮರವಿಲ್ಲ. ಬ್ರಹ್ಮ ಸೃಷ್ಟಿಗೆ ಮೊದಲು ಎಂಜಿನನ್ನೇ ಮಾಡಿದನೋ ಎಂಬಂತೆ ಅದು ಶೂನ್ಯದಲ್ಲಿ ನಿಂತಿರುತ್ತದೆ.

ಯಕ್ಷಗಾನ ವರ್ಗ. ಪಾರ್ತಿಸುಬ್ಬನ ಕುಂಬಳೆಯ ಆಸುಪಾಸಿನದು. 1976ರ ಒಂದು ರೂಪಾಯಿ ಚೀಟಿಯ ಡಬ್ಲ್ಯೂಪಿ ಎಂಜಿನು ಇವರಿಗೆ ದೇವರು ಕೊಟ್ಟ ವೇಷ. ಮುಂದಕ್ಕೆ ಚಾಚಿದ ಗುಂಡು ಮೂಗು, ಅದರ ನಡುವೆ ನಕ್ಷತ್ರ. ಅದಕ್ಕೆ ಕೆಂಪು ಬಿಳಿ ಅಂಚು ಕಟ್ಟಿ, ದೀಪವನ್ನು ಕಣ್ಣಾಗಿಸಿ, ಹೊಗೆಯನ್ನು ಕೇಸರಿತಟ್ಟಿ ಕಿರೀಟದ ಹಾಗೆ ಹರಡಿದರೆ ಸಾಕ್ಷಾತ್ ರಾವಣನೇ ಪ್ಲಾಟ್‌ಫಾರಂ ಪ್ರವೇಶ ಮಾಡಿದ ಹಾಗೆ.

ಬೋರ್ಡು ವರ್ಗ. ಫ್ಲೆಕ್ಸ್ ಬಂದು ಕೆಲಸ ಹೋದ ಬೋರ್ಡು ಬರೆಯುವವರದು. ಇವರಿಗೆ ರೈಲಿಗಿಂತ ಹಳದಿ ನಾಮಫಲಕ ಮುಖ್ಯ. ಅಕ್ಷರಕ್ಕೆ ನೆರಳು ಕೊಡದೆ ಬಿಡರು. ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಒಂದೇ ಕೈಯಲ್ಲಿ, ಒಂದೇ ಅಳತೆಯಲ್ಲಿ ಬರೆಯಬಲ್ಲವರು ಈ ಜಿಲ್ಲೆಯಲ್ಲಿ ಇವರೇ. ಭಾಷಾ ಸೌಹಾರ್ದದ ಸಭೆಗಳಿಗೆ ಇವರನ್ನು ಬ್ಯಾನರ್ ಬರೆಯಲು ಮಾತ್ರ ಕರೆಯುತ್ತಿದ್ದರು.

ಬಾಲ ವರ್ಗ. 2023ರ ಏಪ್ರಿಲ್ 25ಕ್ಕೆ ತಿರುವನಂತಪುರದಿಂದ ಕಾಸರಗೋಡಿಗೆ ವಂದೇ ಭಾರತ್ ಹೊರಟ ಮೇಲೆ ಈ ವರ್ಗದಲ್ಲಿ ಏಕರೂಪತೆ ಬಂದಿದೆ. ಬಲಗಡೆ ಯಾವ ಕಾಲದ ಯಾವ ಚೀಟಿ ಇದ್ದರೂ ಎಡಗಡೆ ವಂದೇ ಭಾರತ್.

ಬರೆಯುವ ಕ್ರಮದಲ್ಲೂ ಎರಡು ಪಂಥವಿದೆ. ಪೂರ್ವಲಿಖಿತ ಪಂಥದವರು ಮೊದಲು ಚಿತ್ರ ಬರೆದು ಆಮೇಲೆ ಠಸ್ಸೆಗೆ ಕೊಂಡೊಯ್ಯುತ್ತಾರೆ. ಪೋಸ್ಟರ್ ಕಲರ್ ದಪ್ಪವಾಗಿ ಮೆತ್ತಿದ್ದರೆ ಅದರ ಮೇಲೆ ಠಸ್ಸೆಯ ಶಾಯಿ ಕೂರುವುದಿಲ್ಲ, ವೃತ್ತದ ಅರ್ಧ ಮೂಡಿ ಅರ್ಧ ಮಾಯವಾಗುತ್ತದೆ. ಸಾಲದ್ದಕ್ಕೆ ನೀರುಬಣ್ಣ ಕುಡಿದ ಕಾಗದ ಸೆಟೆದುಕೊಂಡು ಠಸ್ಸೆ ಏರಿಳಿತದಲ್ಲಿ ಬೀಳುತ್ತದೆ. ಪಶ್ಚಾಲ್ಲಿಖಿತ ಪಂಥದವರು ಠಸ್ಸೆ ಹೊಡೆಸಿ ತಂದು ಆಮೇಲೆ ಬರೆಯುತ್ತಾರೆ. ಇವರಿಗೆ ದಿನಾಂಕದ ಸಾಕ್ಷಿ ಭದ್ರ. ಆದರೆ ಹೊಗೆ ಎಲ್ಲಿಗೆ ಹೋಗಬೇಕೆಂಬುದನ್ನು ಅಂಚೆ ನೌಕರ ಮೊದಲೇ ತೀರ್ಮಾನಿಸಿರುತ್ತಾನೆ. ಜಾಣ ಚಿತ್ರಕಾರ ಠಸ್ಸೆಯ ವೃತ್ತವನ್ನೇ ಸಿಗ್ನಲ್ಲಿನ ಹಿಂದಿನ ಹುಣ್ಣಿಮೆ ಮಾಡಿಕೊಳ್ಳುತ್ತಾನೆ.

ಐದನೆಯ ಪ್ರಕರಣ: ದೋಷವಿಚಾರ

ಗೇಜ್ ದೋಷ. ದೋಷಗಳಲ್ಲಿ ಇದು ಅತಿ ಘೋರ. ನನ್ನೆದುರಿಗೆ 1976ರ ಐವತ್ತು ಪೈಸೆ ಚೀಟಿಯ ಲಕೋಟೆಯೊಂದಿದೆ. ಚೀಟಿಯಲ್ಲಿರುವುದು 1895ರ ಎಫ್ ವರ್ಗದ ಎಂಜಿನು. ಭಾರತದಲ್ಲೇ ಕಟ್ಟಿದ ಮೊದಲ ಎಂಜಿನೆಂಬ ಹೆಸರು ಪಡೆದ ಅಜ್ಮೇರಿನ ಎಂಜಿನು ಈ ವರ್ಗದ್ದೇ. ಅದು ಮೀಟರ್ ಗೇಜ್: ಹಳಿಗಳ ನಡುವೆ 1,000 ಮಿ.ಮೀ. ಚಿತ್ರಕಾರರು ಅದನ್ನು ಚಂದ್ರಗಿರಿ ಸೇತುವೆಯ ಮೇಲೆ ಓಡಿಸಿದ್ದಾರೆ. 1907ರಲ್ಲಿ ಮಂಗಳೂರು ಮುಟ್ಟಿದ ಈ ಕರಾವಳಿ ಹಳಿ ಬ್ರಾಡ್ ಗೇಜ್: 1,676 ಮಿ.ಮೀ. ಸೇತುವೆಯ ಕಂಬಗಳ ನೆರಳು ನೀರಿನಲ್ಲಿ ಅಲುಗುವುದನ್ನು ಮೂರು ಹಸಿರಿನಲ್ಲಿ ತೋರಿಸಿದ್ದಾರೆ. ಅಳಿವೆಯ ಕಡೆ ಒಂದು ದೋಣಿ. ಅದರಲ್ಲಿ ಒಬ್ಬ ಮೀನುಗಾರ ತಲೆಯೆತ್ತಿ ಎಂಜಿನು ನೋಡುತ್ತಿದ್ದಾನೆ. ಈ ಲಕೋಟೆ ಕಂಡ ಒಬ್ಬ ನಿವೃತ್ತ ಗಾರ್ಡು ಚಿತ್ರಕಾರರಿಗೆ ಹೇಳಿದ್ದು ಶಾಸ್ತ್ರದಲ್ಲಿ ದಾಖಲಾಗಬೇಕು.

“ಮಾಸ್ಟ್ರೇ, ನಿಮ್ಮ ಎಂಜಿನಿಗೆ ಈ ಹಳಿ ಅಗಲ ಆಯ್ತಲ್ಲ ಮಾರಾಯ್ರೇ.”

“ಚಂದ ಕಾಣುವುದಿಲ್ವಾ?”

“ಚಂದ ಕಾಣ್ತದೆ. ಆದ್ರೆ ಹೊಳೆಗೆ ಬೀಳ್ತದೆ.”

ಮಾಸ್ಟ್ರು ಚಿತ್ರ ತಿದ್ದಲಿಲ್ಲ. ದೋಣಿ ಇದೆಯಲ್ಲ, ಎತ್ತಿಕೊಳ್ಳುತ್ತಾರೆ ಎಂದರು.

ವಾಯುದೋಷ. ಹೊಗೆ ಒಂದು ಕಡೆ, ತೆಂಗಿನ ಗರಿ ಇನ್ನೊಂದು ಕಡೆ ಹಾರುವುದು. ಇದಕ್ಕೆ ಕಾಸರಗೋಡಿನವರು ನಾಚಬೇಕಾಗಿಲ್ಲ. ಅಮೆರಿಕ ಸರಕಾರ 1944ರ ಮೇ 10ರಂದು ಖಂಡ ದಾಟುವ ರೈಲುಮಾರ್ಗದ 75ನೆಯ ವರ್ಷಕ್ಕೆ ಹೊರಡಿಸಿದ ಮೂರು ಸೆಂಟಿನ ಚೀಟಿಯಲ್ಲೇ ಧ್ವಜ ಒಂದು ದಿಕ್ಕಿಗೆ, ಎಂಜಿನ್ ಹೊಗೆ ಎದುರು ದಿಕ್ಕಿಗೆ ಹಾರಿದ್ದನ್ನು ಸಂಗ್ರಾಹಕರು ಪತ್ತೆ ಹಚ್ಚಿದ್ದರು.

ಜಲದೋಷ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ನಾಡಿನಲ್ಲಿ ಅಂಚೆಚೀಟಿ ಸಂಗ್ರಹ ಒಂದು ತಪಸ್ಸು. ಆಟಿ ತಿಂಗಳಲ್ಲಿ ಗೋಂದು ತಾನಾಗಿ ಕರಗಿ ಅಪರಿಚಿತ ಲಕೋಟೆಗಳು ಬಂಧುಗಳಾಗುತ್ತವೆ. ಕಾಗದದ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಏಳುತ್ತದೆ. ಪರಿಹಾರ: ನಡುನಡುವೆ ಬಟರ್ ಪೇಪರ್ ಹಾಕುವುದು, ಒತ್ತಿ ಇಡದೆ ನಿಲ್ಲಿಸಿ ಇಡುವುದು, ಬಿಸಿಲು ಕಂಡ ದಿನ ನೆರಳಿನಲ್ಲಿ ಗಾಳಿಗೆ ಹರಡುವುದು. ಲ್ಯಾಮಿನೇಷನ್ ಮಹಾಪಾತಕ, ಅದಕ್ಕೆ ಪ್ರಾಯಶ್ಚಿತ್ತವಿಲ್ಲ.

ಆರನೆಯ ಪ್ರಕರಣ: ಪೂರ್ವಪಕ್ಷ, ಸಿದ್ಧಾಂತ

ಪೂರ್ವಪಕ್ಷ ಹೀಗಿದೆ: ಅಧಿಕೃತ ಲಕೋಟೆಯಲ್ಲಿ ಚೀಟಿ, ಠಸ್ಸೆ, ಚಿತ್ರ ಮೂರೂ ಒಂದೇ ಮಾತನ್ನು ಹೇಳುತ್ತವೆ. ಕೈಬರಹದ ಲಕೋಟೆಯಲ್ಲಿ ಬಲಗಡೆ ನೀಲಗಿರಿಯ ಹಲ್ಲುಗಾಲಿ ರೈಲು, ಎಡಗಡೆ ಕಳನಾಡಿನ ಸುರಂಗ. ಬಲಗಡೆ ಹೌರಾ ನಿಲ್ದಾಣ, ಎಡಗಡೆ ಮೀನಿನ ಬುಟ್ಟಿ ಇಳಿಸುತ್ತಿರುವ ಮಂಜೇಶ್ವರ. ಇದು ಅಸಂಬದ್ಧ. ಮೊದಲ ದಿನದ ಲಕೋಟೆಯೆಂಬ ಹೆಸರಿಗೆ ಇದು ಅರ್ಹವಲ್ಲ.

ಸಿದ್ಧಾಂತ: ಮೇಲೆ ಹೆಸರಿಸಿದ ಚೀಟಿಗಳನ್ನೆಲ್ಲ ಸಾಲಾಗಿಟ್ಟು ನೋಡಿ. ಮಹಾನಗರದ ನಿಲ್ದಾಣ ಇದೆ, ಬೆಟ್ಟದ ಆಟಿಕೆ ರೈಲು ಇದೆ, ಮ್ಯೂಸಿಯಂ ಸೇರಿದ ಎಂಜಿನು ಇದೆ. ಕೊಂಕಣ ರೈಲ್ವೆಯೂ ಬಂತು, ಮಂಗಳೂರು ಇನ್ನೇನು ಬಂತು ಎನ್ನುವಾಗ ತೋಕೂರಿನಲ್ಲೇ ಅದರ ಹಳಿ ಮುಗಿಯಿತು. ಕಾಸರಗೋಡಿನ ಜನ ದಿನಾ ಆಸ್ಪತ್ರೆಗೆ, ಕಾಲೇಜಿಗೆ, ಕೋರ್ಟಿಗೆ ನಿಂತುಕೊಂಡೇ ಹೋಗುವ ಹಳಿ ಇದರಲ್ಲಿ ಎಲ್ಲಿದೆ? ಚೀಟಿ ಹೊರಡಿಸುವ ಅಧಿಕಾರ ಪ್ರಜೆಗಿಲ್ಲ. ಠಸ್ಸೆ ಹೊಡೆಯುವ ಅಧಿಕಾರವೂ ಇಲ್ಲ. ಆದರೆ ಸರಕಾರಿ ಚೀಟಿಯ ಪಕ್ಕದಲ್ಲಿ, ಸರಕಾರಿ ದಿನಾಂಕದ ಸಾಕ್ಷಿಯಲ್ಲಿ, ನಮ್ಮ ಹೊಳೆಯೂ ನಮ್ಮ ಸೇತುವೆಯೂ ಆ ದಿನ ಇದ್ದವು ಎಂದು ಬರೆದಿಡಲು ಅರ್ಧ ಲಕೋಟೆಯ ಜಾಗ ಉಳಿದಿದೆ. ಎಡಭಾಗ ಬಲಭಾಗಕ್ಕೆ ಹೊಂದದಿರುವುದೇ ಇಲ್ಲಿ ಗುಣ. ಹೊಂದಿಬಿಟ್ಟರೆ ಅದು ದೆಹಲಿಯ ಲಕೋಟೆ, ಹೊಂದದಿದ್ದಷ್ಟೂ ಕಾಸರಗೋಡಿನದು. ಗೇಜ್ ದೋಷವನ್ನು ಘೋರವೆಂದು ಬರೆದ ಲೇಖಕನೇ ಆ ಲಕೋಟೆಯನ್ನು ಏಕೆ ಮೇಜಿನ ಮೇಲಿಟ್ಟುಕೊಂಡಿದ್ದಾನೆ ಎಂಬ ಆಕ್ಷೇಪಕ್ಕೂ ಇದೇ ಉತ್ತರ.

ಫಲಶ್ರುತಿ

ಈ ಗ್ರಂಥವನ್ನು ಏಪ್ರಿಲ್ 16ರ ಬೆಳಿಗ್ಗೆ ಶುಚಿಯಾಗಿ ಓದಿದವರಿಗೆ ಪಾಂಡೇಶ್ವರದ ಕೌಂಟರಿನಲ್ಲಿ ಕ್ಯೂ ಇರುವುದಿಲ್ಲ. ಮನೆಯವರಿಗೆ ಓದಿ ಹೇಳಿದವರ ಟ್ರಂಕಿಗೆ ಗೆದ್ದಲು ಹತ್ತುವುದಿಲ್ಲ. ಕೇಳಿಯೂ ‘ಇದರಿಂದ ಏನು ಲಾಭ?’ ಎಂದವರಿಗೆ ಪರಶುರಾಮ್ ಎಕ್ಸ್‌ಪ್ರೆಸ್ಸಿನಲ್ಲಿ ಕಿಟಕಿ ಬದಿಯ ಸೀಟು ಏಳು ಜನ್ಮಕ್ಕೂ ಸಿಗದು. ಸಂಗ್ರಹವನ್ನು ಮಾರಲು ಹೊರಟವರು ಉತ್ತರಾಯಣದ್ದನ್ನು ಕಲ್ಲಿಕೋಟೆಯಲ್ಲೂ ದಕ್ಷಿಣಾಯನದ್ದನ್ನು ಮಂಗಳೂರಿನಲ್ಲೂ ಮಾರಲಿ. ಗಡಿ ದಾಟಿದ ಮಾಲಿಗೆ ಬೆಲೆ ಹೆಚ್ಚು ಎಂಬುದು ಕಾಸರಗೋಡಿನವರಿಗೆ ಶಾಸ್ತ್ರ ಹೇಳಿ ಕಲಿಸಬೇಕಾದ ಸಂಗತಿಯಲ್ಲ.